ಹೆಲ್ಸಿಂಕಿಯ ಚಳಿಗಾಲದಲ್ಲಿ ಗಂಡ ಹೆಂಡತಿ ಇಬ್ಬರೇ ಹೇಗಿರುತ್ತೀರಿ?

ನೀವು ಕೇಳಿದ್ದು ಇಷ್ಟು: ಗಂಡನಿಗೆ ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಕೆಲಸ ಸಿಕ್ಕಿದೆ, ಜನವರಿಯಲ್ಲಿ ಇಬ್ಬರೂ ಹೊರಡುತ್ತಿದ್ದೀರಿ, ಆ ಚಳಿಯಲ್ಲಿ ದಿನ ಹೇಗೆ ಕಳೆಯುವುದು, ಬೆಂಗಳೂರಿನಿಂದ ಎಂಥ ಜಾಕೆಟ್ ತರಬೇಕು. ನಾವು ಇಲ್ಲಿ ಐದು ಚಳಿಗಾಲ ನೋಡಿದ್ದೇವೆ. ನಾನು ಸಾಗರದ ಕಡೆಯವಳು, ಇವರು ದಾವಣಗೆರೆಯವರು.

ಮೊದಲು ಚಳಿಯ ಭಯ ಬಿಡಿ. ಮನೆಯೊಳಗೆ ಚಳಿಯೇ ಇರುವುದಿಲ್ಲ. ಕಿಟಕಿಗೆ ಮೂರು ಪದರ ಗಾಜು, ಅದರ ಕೆಳಗೆ ಬಿಸಿನೀರು ಹರಿಯುವ ರೇಡಿಯೇಟರ್. ಹೊರಗೆ ಮೈನಸ್ 15 ಇದ್ದರೂ ನಾನು ಕಾಟನ್ ನೈಟಿಯಲ್ಲೇ ಓಡಾಡಿಕೊಂಡಿರುತ್ತೇನೆ. ಡಿಸೆಂಬರ್ ಬೆಳಗ್ಗೆ ಅಮ್ಮನ ಮನೆಯ ಕಾವಿ ನೆಲದ ಮೇಲೆ ಬರಿಗಾಲಿಟ್ಟರೆ ಜುಮ್ ಅನ್ನುತ್ತದಲ್ಲ, ಅಷ್ಟು ಚಳಿ ಈ ಮನೆಯಲ್ಲಿ ಒಂದು ದಿನವೂ ಆಗಿಲ್ಲ. ಒಳಗೆ ಗಾಳಿ ಮಾತ್ರ ಹಪ್ಪಳದ ಹಾಗೆ ಒಣಗಿರುತ್ತದೆ. ತುಟಿ ಒಡೆಯುತ್ತದೆ. ಗಂಡನ ಕೈ ಮುಟ್ಟಿದರೆ ಚಟ್ ಅಂತ ಶಾಕ್ ಹೊಡೆಯುತ್ತದೆ. ಪ್ರೀತಿ ಅಂತ ತಪ್ಪು ತಿಳಿಯಬೇಡಿ.

ಕಷ್ಟ ಕೊಡುವುದು ಕತ್ತಲು. ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಒಂಬತ್ತೂವರೆ ಹತ್ತಿರ, ಮುಳುಗುವುದು ಮಧ್ಯಾಹ್ನ ಮೂರೂಕಾಲಿಗೆ. ಹಗಲು ಆರು ಗಂಟೆಯೂ ಇಲ್ಲ, ಅದರಲ್ಲೂ ಹೆಚ್ಚಿನ ದಿನ ಮೋಡ. ಹಿಮ ಬಿದ್ದರೆ ಬೀದಿದೀಪದ ಬೆಳಕು ಅದರ ಮೇಲೆ ಹರಡಿ ಊರು ಸ್ವಲ್ಪ ಬೆಳಗುತ್ತದೆ. ಹಿಮವೂ ಇಲ್ಲದ ನವೆಂಬರ್ ಇದೆಯಲ್ಲ, ಅದು ಬಲು ಕೆಟ್ಟದ್ದು.

ನಮ್ಮ ಮೊದಲ ನವೆಂಬರ್ ಪೂರ್ತಿ ಲೈಟಿನ ಜಗಳದಲ್ಲೇ ಹೋಯಿತು. ನಾನು ಮನೆಗೆ ಬಂದ ಕೂಡಲೇ ಎಲ್ಲ ಲೈಟ್ ಹಾಕುವುದು, ಇವರು ಹಿಂದೆಯೇ ಬಂದು ಆರಿಸುವುದು. "ಯಾರೂ ಇಲ್ಲದ ರೂಮಿಗೆ ಲೈಟ್ ಯಾಕೆ?" ದಾವಣಗೆರೆಯ ಅಪ್ಪನಿಂದ ಬಂದ ಬುದ್ಧಿ. ಒಂದು ದಿನ ನಾನು ಅತ್ತುಬಿಟ್ಟೆ. ಸುಮ್ನೆ, ಅಡುಗೆಮನೆಯ ಬಲ್ಬಿಗೋಸ್ಕರ! ಆಮೇಲೆ ಗೊತ್ತಾಯಿತು, ಇಬ್ಬರಿಗೂ ನಿದ್ದೆ ಕೆಟ್ಟಿತ್ತು, ಇಬ್ಬರೂ ವಾರದಿಂದ ಹಗಲನ್ನೇ ಕಂಡಿರಲಿಲ್ಲ. ಹೋಗುವಾಗ ಕತ್ತಲು, ಬರುವಾಗ ಕತ್ತಲು.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆವು. ಮಧ್ಯಾಹ್ನ ಹನ್ನೆರಡಕ್ಕೆ, ಎಲ್ಲೇ ಇರಲಿ, ಅರ್ಧ ಗಂಟೆ ಹೊರಗೆ ನಡೆಯುವುದು. ಬಿಸಿಲು ಇದೆಯೋ ಇಲ್ಲವೋ ನೋಡುವ ಹಾಗಿಲ್ಲ. ಊರಿಗೆ ಫೋನ್ ಮಾಡುವುದೂ ಆಗಲೇ. ಚಳಿಗಾಲದಲ್ಲಿ ನಮಗೂ ಭಾರತಕ್ಕೂ ಮೂರೂವರೆ ಗಂಟೆ ವ್ಯತ್ಯಾಸ. ಸಂಜೆ ಆರಕ್ಕೆ ಮನೆಗೆ ಬಂದು ಫೋನ್ ಮಾಡಿದರೆ ಅಲ್ಲಿ ಒಂಬತ್ತೂವರೆ, ಅಮ್ಮ ಮಲಗಿರುತ್ತಾಳೆ. ಹನ್ನೆರಡಕ್ಕೆ ಮಾಡಿದರೆ ಅವಳಿಗೆ ಮಧ್ಯಾಹ್ನದ ಕಾಫಿ ಹೊತ್ತು. ಸಮುದ್ರದ ದಡಕ್ಕೆ ಹೋಗಿ ಹೆಪ್ಪುಗಟ್ಟಿದ ನೀರು ತೋರಿಸುತ್ತೇನೆ. "ಅದಿರಲಿ, ಟೋಪಿ ಎಲ್ಲಿ?" ಅನ್ನುತ್ತಾಳೆ.

ಡಿ ವಿಟಮಿನ್ ಮಾತ್ರೆ ಇಲ್ಲಿ ಬಹಳ ಜನ ನುಂಗುತ್ತಾರೆ. ಇಲ್ಲಿನ ಹಾಲಿಗೂ ಅದನ್ನು ಸೇರಿಸಿರುತ್ತಾರೆ. ಹೊರಡುವ ಮೊದಲು ಊರಲ್ಲೇ ರಕ್ತ ಪರೀಕ್ಷೆ ಮಾಡಿಸಿ, ಎಷ್ಟು ಬೇಕೆಂದು ಡಾಕ್ಟರನ್ನು ಕೇಳಿಕೊಂಡು ಬನ್ನಿ.

ಎರಡನೇ ಕಷ್ಟ ಜಾರುವುದು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಹಗಲು ಸೊನ್ನೆ ದಾಟಿ ಹಿಮ ಕರಗುತ್ತದೆ, ರಾತ್ರಿ ಅದೇ ನೀರು ಗಾಜಾಗುತ್ತದೆ, ಬೆಳಗ್ಗೆ ಅದರ ಮೇಲೆ ಹೊಸ ಹಿಮ ತೆಳ್ಳಗೆ ಬಿದ್ದು ಮುಚ್ಚಿಬಿಡುತ್ತದೆ. ಫುಟ್‌ಪಾತಿಗೆ ಜಲ್ಲಿ ಚೂರು ಹಾಕುತ್ತಾರೆ, ಆದರೆ ನಾವು ಕಾಲಿಡುವ ಹೊತ್ತಿಗೆ ಹಾಕಿರಬೇಕಲ್ಲ. ಎರಡನೇ ಚಳಿಗಾಲದಲ್ಲಿ ಇವರು ಮನೆಯ ಮೆಟ್ಟಿಲಿಂದ ನಾಲ್ಕು ಹೆಜ್ಜೆ ಆಚೆ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರ್. ನೋವಿಗಿಂತ ಜಾಸ್ತಿ ಬೇಜಾರಾಗಿದ್ದು ಊಟದ್ದು. ಎಡಗೈಯಲ್ಲಿ ಅನ್ನ ಕಲಸಲು ಮನಸ್ಸು ಒಪ್ಪದೆ, ಚಮಚದಲ್ಲಿ ಹುಳಿಯನ್ನ ತಿನ್ನುತ್ತಾ "ರುಚಿಯೇ ಇಲ್ಲ" ಅಂತ ನನ್ನ ಅಡುಗೆಯನ್ನು ಬೈದರು. ಹಾಗಾಗಿ ಬಂದ ವಾರದಲ್ಲೇ ಅಡಿಭಾಗದಲ್ಲಿ ಮೊಳೆ ಇರುವ ಶೂ ತಗೊಳ್ಳಿ, ಇಲ್ಲವೇ ಶೂ ಮೇಲೆ ಎಳೆದು ಹಾಕುವ ಮೊಳೆ ಪಟ್ಟಿ. ಮೊಳೆ ಶೂ ಅಂಗಡಿ ಒಳಗೆ ನುಣ್ಣನೆ ನೆಲದ ಮೇಲೆ ಮತ್ತೆ ಜಾರುತ್ತದೆ, ಜೋಪಾನ. ಬಾತುಕೋಳಿ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡಿ, ಯಾರೂ ನಗುವುದಿಲ್ಲ. ಜೇಬಿನಿಂದ ಮೊಣಕಾಲಿನ ಮಟ್ಟಕ್ಕೆ ತೂಗುವ ಹಾಗೆ ರಿಫ್ಲೆಕ್ಟರ್, ಅಂದರೆ ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆ, ಕಟ್ಟಿಕೊಳ್ಳಿ. ಕತ್ತಲಲ್ಲಿ ನಡೆಯುವವರು ಅದನ್ನು ಹಾಕಬೇಕೆಂದು ಇಲ್ಲಿ ಕಾನೂನೇ ಇದೆ.

ಇನ್ನು ಖುಷಿಯ ವಿಷಯ. ನಮ್ಮ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಒಂದು ಸೌನಾ, ಅಂದರೆ ಹಬೆ ಸ್ನಾನದ ಕೋಣೆ, ಇದೆ. ತಿಂಗಳಿಗೆ ಸ್ವಲ್ಪ ದುಡ್ಡು ಕಟ್ಟಿದರೆ ವಾರಕ್ಕೊಂದು ಗಂಟೆ ನಮ್ಮದು. ನಮಗೆ ಶುಕ್ರವಾರ ಸಂಜೆ ಏಳು. ಬಿಸಿ ಕಲ್ಲಿನ ಮೇಲೆ ನೀರು ಚೆಲ್ಲಿದರೆ ಏಳುವ ಹಬೆಗೆ ಇಲ್ಲಿನ ಫಿನ್ನಿಶ್ ಭಾಷೆಯಲ್ಲಿ ಲೌಲು ಅನ್ನುತ್ತಾರೆ, ಬಾಯಿ ಗುಂಡಗೆ ಮಾಡಿ ಹೇಳಬೇಕು. ನನಗೋ, ಕಣ್ಣು ಮುಚ್ಚಿದರೆ ಊರಿನ ಬಚ್ಚಲೊಲೆ ಮುಂದೆ ಕೂತ ಹಾಗೆ. ದೀಪಾವಳಿಗೆ ಮನೆಯಲ್ಲೇ ಎಣ್ಣೆ ಹಚ್ಚಿ, ಸೀಗೆಪುಡಿಯಲ್ಲಿ ತೊಳೆದುಕೊಂಡು ಆಮೇಲೆ ಕೆಳಗಿಳಿಯುತ್ತೇವೆ. ಎಣ್ಣೆ ಮೈಯಲ್ಲಿ ಹೋಗಿ ಹಲಗೆ ಹಾಳು ಮಾಡಬೇಡಿ. ಚಿಕ್ಕ ಟವೆಲ್ ಹಾಸಿಕೊಂಡೇ ಕೂರುವುದು ಇಲ್ಲಿನ ಪದ್ಧತಿ.

ದೋಸೆ ಹಿಟ್ಟು ಹುಳಿ ಬರುತ್ತದಾ ಅಂತ ನೀವು ಕೇಳಿಲ್ಲ, ಆದರೆ ಬಂದ ಮೇಲೆ ಕೇಳಿಯೇ ಕೇಳುತ್ತೀರಿ. ಅಡುಗೆಮನೆಯಲ್ಲಿಟ್ಟರೆ ಒಂದೂವರೆ ದಿನ. ನಮ್ಮ ಬಚ್ಚಲುಮನೆಯ ನೆಲದಡಿ ಬಿಸಿ ಮಾಡುವ ವೈರ್ ಇದೆ. ರಾತ್ರಿ ನೆಲ ಒರೆಸಿ, ಮಣೆ ಹಾಕಿ, ಪಾತ್ರೆಗೆ ಗಟ್ಟಿ ಮುಚ್ಚಳ ಮುಚ್ಚಿ ಅಲ್ಲಿಟ್ಟರೆ ಬೆಳಗ್ಗೆ ಉಕ್ಕಿರುತ್ತದೆ. ಅಮ್ಮನಿಗೆ ಇದು ಗೊತ್ತಿಲ್ಲ.

ಭಾನುವಾರ ಊಡಿ ಲೈಬ್ರರಿಗೆ ಹೋಗುತ್ತೇವೆ. ಪಾರ್ಲಿಮೆಂಟಿನ ಎದುರಿಗೇ ಇದೆ, 2018ರ ಡಿಸೆಂಬರ್‌ನಲ್ಲಿ ತೆರೆದದ್ದು. ಪುಸ್ತಕ ಮೇಲಿನ ಮಹಡಿಯಲ್ಲಿ. ನಡುವಿನ ಮಹಡಿಯಲ್ಲಿ ಹೊಲಿಗೆ ಮಿಷನ್ ಇವೆ, ಬುಕ್ ಮಾಡಿದರೆ ಪುಕ್ಕಟೆ. ಕಳೆದ ವರ್ಷ ಅಲ್ಲಿ ಕೂತು ಮೂರು ಸೀರೆಗೆ ಫಾಲ್ ಹೊಲಿದೆ. ಪಕ್ಕದಲ್ಲಿ ಪರದೆ ಹೊಲಿಯುತ್ತಿದ್ದ ಅಜ್ಜಿ ಆರು ಗಜ ಮುಗಿಯುವವರೆಗೂ ನೋಡುತ್ತಾ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಏಳುವಾಗ ಹೆಬ್ಬೆರಳು ಎತ್ತಿ ತೋರಿಸಿದರು.

ನೀವು ಬರುವುದು ಜನವರಿ ಅಂದರೆ ಅದೃಷ್ಟ, ಆಗಲೇ ಹಗಲು ಬೆಳೆಯಲು ಶುರುವಾಗಿರುತ್ತದೆ. ಫೆಬ್ರವರಿಯಲ್ಲಂತೂ ದಿನಕ್ಕೆ ಐದು ನಿಮಿಷದ ಹಾಗೆ ಜಾಸ್ತಿಯಾಗುತ್ತದೆ.

ಜಾಕೆಟ್ ಬೆಂಗಳೂರಲ್ಲಿ ಕೊಳ್ಳಬೇಡಿ. ಇಲ್ಲಿ ಹಳೆ ಬಟ್ಟೆ ಅಂಗಡಿಗಳಿವೆ, ಕಿರ್ಪುತೋರಿ ಅಂತ. ಇವರ ದಪ್ಪ ಜಾಕೆಟ್ ಅಲ್ಲಿಯದೇ, ಐದು ವರ್ಷದಿಂದ ಗಟ್ಟಿಯಾಗಿದೆ. ಸೂಟ್‌ಕೇಸಿನ ಆ ಜಾಗಕ್ಕೆ ಹುಣಸೆಹಣ್ಣು, ಸಾರಿನ ಪುಡಿ, ಒಂದು ಒಳ್ಳೆ ಮಿಕ್ಸಿ ತುಂಬಿಕೊಳ್ಳಿ. ತುಪ್ಪ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರಲು ಇಲ್ಲಿ ಬಿಡುವುದಿಲ್ಲ. ಬೆಣ್ಣೆ ಇಲ್ಲಿ ಚೆನ್ನಾಗಿ ಸಿಗುತ್ತದೆ, ಕಾಯಿಸಿಕೊಂಡರಾಯಿತು.