ಬಾಗಿದ ಬಾಗಿಲಿಗೆ ವೆನಿಯರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ತೆ. ಬದಿಯಡ್ಕದ ಹತ್ತಿರ ಅಪ್ಪನ ಜೊತೆ ಮರದ ಕೆಲಸ ಮಾಡುತ್ತೇನೆ. ಮೂಲೆ ಕಪಾಟಿಗೆ ಬಾಗಿದ ಬಾಗಿಲು ಮಾಡಿದೆ. 18 ಮಿ.ಮೀ. ಪ್ಲೈವುಡ್‌ನ ಹಿಂದೆ ಸಾಲಾಗಿ ಗರಗಸದ ಗೀರು ಹಾಕಿ ಬಗ್ಗಿಸಿ, ಮುಂದೆ ತೇಗದ ವೆನಿಯರನ್ನು (ಮರದ ತೆಳು ಹಾಳೆಯನ್ನು) ಹಳದಿ ರಬ್ಬರ್ ಅಂಟಿನಲ್ಲಿ ಕೂರಿಸಿದೆ. ಬೇಸಿಗೆಯಲ್ಲಿ ಚೆಂದ ಇತ್ತು. ಮಳೆ ಹಿಡಿದ ಮೇಲೆ ಗುಳ್ಳೆ ಎದ್ದಿದೆ, ಬೆಳಕಿಗೆ ಹಿಡಿದರೆ ಉದ್ದುದ್ದ ಗೆರೆ ಕಾಣುತ್ತದೆ. ಏನು ಮಾಡಲಿ?

ಉತ್ತರ: ಇಲ್ಲಿ ಎರಡು ತೊಂದರೆ ಇವೆ, ಎರಡಕ್ಕೂ ಕಾರಣ ಬೇರೆ ಬೇರೆ.

ಗೆರೆಗೆ ಕಾರಣ ಗರಗಸದ ಗೀರು. ಗೀರು ಹಾಕಿದ ಹಲಗೆ ಗುಂಡಗೆ ಬಾಗುವುದಿಲ್ಲ, ಗೀರಿದ್ದಲ್ಲಿ ಮಾತ್ರ ಮುರಿದು ಸಣ್ಣ ಸಣ್ಣ ಚಪ್ಪಟೆ ಪಟ್ಟಿಗಳಾಗುತ್ತದೆ. ವೆನಿಯರ್ ಬರೀ ಅರ್ಧ ಮಿ.ಮೀ. ದಪ್ಪ ಅಲ್ವಾ, ಕೆಳಗಿದ್ದದ್ದೆಲ್ಲ ಮೇಲೆ ಕಾಣುತ್ತದೆ. ಬಾಗು ಮೊದಲು ಒಳಗಿನ ಹಲಗೆಯಲ್ಲಿ ಸರಿಯಾಗಿ ಬರಬೇಕು, ವೆನಿಯರ್ ಅದನ್ನು ಮುಚ್ಚಿಡುವುದಿಲ್ಲ.

ಹಾಗಾಗಿ ಅಚ್ಚು ಮಾಡಿ. ಪ್ಲೈವುಡ್‌ನಲ್ಲಿ ಒಂದೇ ಅಳತೆಯ ಬಾಗಿದ ತುಂಡುಗಳನ್ನು ಕತ್ತರಿಸಿ, ಅವನ್ನು ಸಾಲಾಗಿ ನಿಲ್ಲಿಸಿ, ಮೇಲೆ ತೆಳು ಹಲಗೆ ಹೊದೆಸಿ. ಅಚ್ಚು ಬಾಗಿಲಿನ ಒಳಮೈಗೆ ಹೊಂದಬೇಕು, ಬಾಗಿಲಿನ ದಪ್ಪವನ್ನು ಕಳೆದೇ ಅಳತೆ ಹಿಡಿಯಿರಿ. ಅಂಟು ಹಿಡಿಯದ ಹಾಗೆ ಮೇಲೆಲ್ಲ ಪ್ಯಾಕಿಂಗ್ ಟೇಪ್ ಹಚ್ಚಿ. ಆಮೇಲೆ 3 ಮಿ.ಮೀ. ಪ್ಲೈ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಅಚ್ಚಿಗೆ ಬಿಗಿಯಿರಿ, ಯಾವಾಗಲೂ ನಡುವಿನಿಂದ ಅಂಚಿನ ಕಡೆಗೆ. ಕ್ಲ್ಯಾಂಪ್ ಸಾಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಮಾಡಿ ಎಳೆದೆಳೆದು ಸುತ್ತಿ, ಉಬ್ಬಿದ ಮೈಗೆ ಅದು ಚೆನ್ನಾಗಿ ಒತ್ತುತ್ತದೆ. ವ್ಯಾಕ್ಯೂಮ್ ಚೀಲ ಸಿಕ್ಕರೆ ಇನ್ನೂ ಒಳ್ಳೆಯದು: ಗಾಳಿ ಪೂರ್ತಿ ಎಳೆದರೆ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಭಾರ ಒಂದೇ ಸಮ ಬೀಳುತ್ತದೆ.

ಅಚ್ಚಿನಿಂದ ಬಿಡಿಸಿದಾಗ ಬಾಗು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಪದರ ಜಾಸ್ತಿಯಾದಷ್ಟೂ ಇದು ಕಡಿಮೆ. ಲೆಕ್ಕದಲ್ಲಿ ಒಂದೇ ದಪ್ಪದ 3 ಪದರಕ್ಕೆ ಬಾಗಿನ ಒಂಬತ್ತರಲ್ಲಿ ಒಂದು ಪಾಲು ಬಿಚ್ಚುತ್ತದೆ, 5 ಪದರಕ್ಕೆ ಇಪ್ಪತ್ತೈದರಲ್ಲಿ ಒಂದು ಪಾಲು. ನಿಮ್ಮ ಬಾಗಿಲಿಗೆ 5 ಪದರ ಹಾಕಿ. ಬಿಳಿ ಅಂಟು ಒಣಗಿದ ಮೇಲೂ ಒತ್ತಡಕ್ಕೆ ಮೆಲ್ಲಗೆ ಜಾರುತ್ತದೆ, ಬಾಗಿದ ಪದರಗಳಿಗೆ ಯೂರಿಯಾ ರೆಸಿನ್ ಇಲ್ಲವೇ ಎಪಾಕ್ಸಿಯೇ ಸರಿ.

ಇನ್ನು ಗುಳ್ಳೆ. ಮರ ತೇವ ಕುಡಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆಂದರೂ ಆದೀತು. ರಬ್ಬರ್ ಅಂಟು ಕೊನೆವರೆಗೂ ಮೆತ್ತಗೇ ಇರುತ್ತದೆ, ಆ ಹಿಗ್ಗನ್ನು ತಡೆದು ಹಿಡಿಯಲಾರದು. ಕಾಸರಗೋಡಿನ ಜೂನ್ ಜುಲೈ ಮಳೆಯಲ್ಲಿ ಅದನ್ನು ವೆನಿಯರಿಗೆ ನಂಬಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಬಾಗಿಲಿನ ಹಿಂಬದಿಗೂ ಅದೇ ದಪ್ಪದ ವೆನಿಯರ್ ಹಾಕಿ, ಇಲ್ಲದಿದ್ದರೆ ಒಂದು ಮೈ ಎಳೆದು ಬಾಗು ಕೆಡುತ್ತದೆ. ವೆನಿಯರನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ, ಸುರುಳಿ ಸುತ್ತಿ ಒಡೆಯುತ್ತದೆ. ಹಲಗೆ, ವೆನಿಯರ್ ಎರಡನ್ನೂ ಕೆಲವು ದಿನ ಒಂದೇ ಕೋಣೆಯಲ್ಲಿ ಇಟ್ಟು, ಮೇಲೆ ಭಾರ ಹೇರಿ ಚಪ್ಪಟೆಯಾಗಿಡಿ.

ಈಗಿನ ಬಾಗಿಲನ್ನು ರಿಪೇರಿ ಮಾಡಬೇಡಿ. ಬಿಳಿ ಅಂಟಿನ ಕೆಲಸವಾಗಿದ್ದರೆ ಗುಳ್ಳೆಯನ್ನು ಎಳೆಯುದ್ದಕ್ಕೆ ಸೀಳಿ, ಅಂಟು ತೂರಿಸಿ, ಕಾಗದ ಇಟ್ಟು ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಕೂರುತ್ತಿತ್ತು. ರಬ್ಬರ್ ಅಂಟಿನ ಮೇಲೆ ಬೇರೆ ಅಂಟು ಕಚ್ಚುವುದಿಲ್ಲ.

ಅಂಗಡಿಯಲ್ಲಿ ಸುಮ್ನೆ ವೆನಿಯರ್ ಅಂದರೆ 4 ಮಿ.ಮೀ. ಪ್ಲೈಗೆ ಮೊದಲೇ ಅಂಟಿಸಿದ ಹಲಗೆ ಕೊಡುತ್ತಾರೆ. ನಿಮಗೆ ಬೇಕಾದ್ದು ಬಿಡಿ ಹಾಳೆ, ಕೇಳಿ ತನ್ನಿ. ಎಳೆ ಮೇಲಿನಿಂದ ಕೆಳಕ್ಕೆ ಬರುವಂತೆ ಕೂರಿಸಿದರೆ ಸಲೀಸಾಗಿ ಬಾಗುತ್ತದೆ.

ಪ್ರಶ್ನೆ: ಕಲಿಯುವವರಿಗೆ ಪ್ಲೈವುಡ್ ಕಾರ್ಖಾನೆಯ ಅಗ್ಗದ ವೆನಿಯರ್ ಆಗಬಹುದಾ? (ಮಂಜೇಶ್ವರದ ಓದುಗರು)

ಉತ್ತರ: ಖಂಡಿತ ಆಗಬಹುದು. ಕಣ್ಣೂರಿನ ವಳಪಟ್ಟಣದಂಥ ಕಡೆ ಪ್ಲೈವುಡ್‌ಗಾಗಿ ದಿಮ್ಮಿಯನ್ನು ತಿರುಗಿಸುತ್ತಾ, ಸುತ್ತಿಟ್ಟ ಚಾಪೆ ಬಿಡಿಸಿದ ಹಾಗೆ, ಹಾಳೆ ತೆಗೆಯುತ್ತಾರೆ. ಮುಖಕ್ಕೆ ಹಾಕುವ ತೇಗ, ಬೀಟೆಯ ವೆನಿಯರ್ ಸೀಳಿ ತೆಗೆದದ್ದು, ಅದರಲ್ಲಿ ಎಳೆ ಚೆಂದ ಕಾಣುತ್ತದೆ. ಯಾವುದೇ ಹಾಳೆಯಾದರೂ ಎರಡೂ ಕಡೆಗೆ ಬಗ್ಗಿಸಿ ನೋಡಿ. ಸಲೀಸಾಗಿ ಬಗ್ಗಿದಾಗ ಹೊರಗೆ ಉಬ್ಬಿದ ಮೈಯಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ಆ ಮೈಯನ್ನು ಅಂಟಿನ ಕಡೆಗೆ ಇಡಿ, ಪಾಲಿಶ್ ಹಚ್ಚಿದಾಗ ಸೀಳು ಎದ್ದು ಕಾಣುವುದಿಲ್ಲ.