ಪಣಕ್ಕಿಟ್ಟವರು ಯಾರು?

ಪ್ರಿಯ ಲೇಖಕರೇ,

ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತ ಮಾದೇವನ ಕಥೆ ತಲುಪಿತು. ಹೆಂಡತಿ ಬುತ್ತಿ ಕಟ್ಟುವ ಮೊದಲ ಪುಟ ಚೆನ್ನಾಗಿದೆ. ಮೂರನೆಯ ಪುಟದಲ್ಲಿ ಮಾತ್ರ ನನಗೆ ಪೆನ್ಸಿಲ್ ಕೆಳಗಿಡಲು ಆಗಲಿಲ್ಲ.

‘ಮಾದೇವ ತನ್ನ ಜೀವವನ್ನೇ ಪಣಕ್ಕಿಟ್ಟು ಗುಂಡಿಗೆ ಇಳಿದ.’

ಪಣ ಜೂಜಿನ ಮಾತು. ಪಣಕ್ಕಿಡುವವನಿಗೆ ಆಟ ಬಿಟ್ಟು ಏಳುವ ಸ್ವಾತಂತ್ರ್ಯ ಇರಬೇಕು, ಗೆದ್ದರೆ ಏನಾದರೂ ದಕ್ಕಬೇಕು. ಪಗಡೆಯಲ್ಲಿ ಧರ್ಮರಾಯ ಪಣಕ್ಕಿಟ್ಟ, ಸರಿ. ದ್ರೌಪದಿ ತನ್ನನ್ನು ತಾನೇ ಪಣಕ್ಕಿಟ್ಟುಕೊಂಡಳು ಎಂದು ಯಾರಾದರೂ ಬರೆಯುತ್ತಾರೆಯೇ? ನಿಮ್ಮದೇ ಎರಡನೆಯ ಪುಟದಲ್ಲಿ ಮೇಸ್ತ್ರಿ ‘ಇಳಿಯದಿದ್ದರೆ ಈ ವಾರದ ಬಟವಾಡೆ ಇಲ್ಲ’ ಎನ್ನುತ್ತಾನೆ. ಒಂದೇ ಪುಟ ದಾಟುವಷ್ಟರಲ್ಲಿ ಅವನು ವಾಕ್ಯದಿಂದ ಜಾರಿಕೊಂಡಿದ್ದಾನೆ, ಸಾವಿನ ಹೊಣೆ ಸತ್ತವನ ಹೆಗಲಿಗೆ ಬಿದ್ದಿದೆ. ಕಾನೂನು ಕೂಡ ಹೀಗೆ ನೋಡುವುದಿಲ್ಲ. ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಲ್ಲಿ ರಕ್ಷಣಾ ಸಾಧನವಿಲ್ಲದೆ ಚರಂಡಿಗೆ ಇಳಿಸಿದವರಿಗೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಅಲ್ಲಿ ತಪ್ಪು ‘ಇಳಿ’ಯುವುದರಲ್ಲಿಲ್ಲ, ‘ಇಳಿಸು’ವುದರಲ್ಲಿದೆ.

ಮುಂದಿನ ಸಾಲು: ‘ಅವನು ವಿಷಾನಿಲಕ್ಕೆ ತನ್ನನ್ನು ಒಡ್ಡಿಕೊಂಡ. ದುರ್ವಾಸನೆ ಹೆಚ್ಚುತ್ತಾ ಹೋಗಿ ಪ್ರಜ್ಞೆ ತಪ್ಪಿತು.’

‘ಒಡ್ಡು’ ಜೊತೆ ‘ಕೊಳ್ಳು’ ಸೇರಿದರೆ ಸಾಮಾನ್ಯವಾಗಿ ಅಲ್ಲಿ ಇಷ್ಟವಿದೆ ಎಂದರ್ಥ. ಚಳಿಗಾಲದ ಬಿಸಿಲಿಗೆ ಮೈಯೊಡ್ಡಿಕೊಂಡು ಕೂರುತ್ತೇವೆ. ಗುಂಡಿಯ ಹೈಡ್ರೋಜನ್ ಸಲ್ಫೈಡ್ ಹಾಗಲ್ಲ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಪ್ರಮಾಣ ಏರಿದರೆ ಮೂಗಿನ ಗ್ರಹಿಕೆಯೇ ಸತ್ತು, ನಾತ ಹೋಯಿತೆಂದು ಅನ್ನಿಸುತ್ತದೆ. ಕಾಣದ, ಮೂಸಲೂ ಆಗದ ಅಪಾಯಕ್ಕೆ ಯಾರೂ ತಮ್ಮನ್ನು ಒಡ್ಡಿಕೊಳ್ಳಲಾರರು. ನಾತ ನಿಂತ ಆ ಗಳಿಗೆಯನ್ನೇ ಬರೆಯಿರಿ, ಓದುವವರ ಎದೆ ನಡುಗುತ್ತದೆ.

‘ಮೇಸ್ತ್ರಿ ಅವನಿಗೆ ಅಪಾಯ ಒಡ್ಡಿದ’ ಎಂದೂ ಇದೆ. ಇಲ್ಲಿ ವಿಭಕ್ತಿ ತಪ್ಪಿದೆ. ಅಪಾಯ ಒಡ್ಡುವುದು ಗುಂಡಿಯ ಗಾಳಿ. ಮೇಸ್ತ್ರಿ ಅವನನ್ನು ಅಪಾಯಕ್ಕೆ ಒಡ್ಡಿದ. ಇದಕ್ಕೆ ಹೆದರಿ ‘ಒಡ್ಡಲ್ಪಟ್ಟ’ ಎಂದು ತಿದ್ದಬೇಡಿ. ಮೇಸ್ತ್ರಿ ಮತ್ತೆ ಮಾಯವಾಗುತ್ತಾನೆ.

ನಾನು ಕರಡು ತಿದ್ದಲು ಕುಳಿತ ಹೊಸತರಲ್ಲಿ ಹಿರಿಯರು ಕಲಿಸಿದ ಕ್ರಮ ಇಷ್ಟೇ: ಕ್ರಿಯಾಪದದ ಕೆಳಗೆ ಗೆರೆ ಎಳೆ, ‘ಯಾರು?’ ಎಂದು ಕೇಳು, ಉತ್ತರ ಆ ವಾಕ್ಯದೊಳಗೇ ಸಿಗಬೇಕು. ನಿಮ್ಮ ಮೂರನೆಯ ಪುಟದ ಮೇಲೆ ಅದನ್ನು ಮಾಡಿ ನೋಡಿದೆ. ನನಗೆ ಉಳಿದದ್ದು ಹೀಗೆ:

‘ಮೇಸ್ತ್ರಿ ಸೊಂಟಕ್ಕೊಂದು ಹಗ್ಗವನ್ನೂ ಕೊಡದೆ ಮಾದೇವನನ್ನು ಗುಂಡಿಗೆ ಇಳಿಸಿದ.’

ಅಪಾಯ ಎಂಬ ಪದವೇ ಬೇಕಾಗಲಿಲ್ಲ. ಈ ಪುಟವನ್ನು ಮತ್ತೆ ಬರೆದು ಕಳಿಸಿ, ಕಾಯುತ್ತೇನೆ.

ಇಂತು,
ಸಂಪಾದಕ