ಬಾಂಬೆ ಪ್ಲೇಗ್: ನಾವಿಕರ ಮೇಲೆ ಗೂಬೆ ಕೂರಿಸಬೇಡಿ

ಪ್ರಶ್ನೆ: 1896ರಲ್ಲಿ ಬಾಂಬೆಗೆ ಪ್ಲೇಗ್ ತಂದವರು ಹಾಂಗ್‌ಕಾಂಗ್ ಕಡೆಯಿಂದ ಬಂದ ನಾವಿಕರು ತಾನೇ? ಅವರನ್ನು ಬಂದರಿನಲ್ಲೇ ತಡೆದಿದ್ದರೆ ರೋಗ ನಿಲ್ಲುತ್ತಿತ್ತು, ಅಲ್ವಾ?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ದಯವಿಟ್ಟು ಇದನ್ನು ಬಿಡಿ. ಪ್ಲೇಗ್ ಸೋಂಕು ತಗುಲಿದರೆ ಸುಮಾರು ಒಂದು ವಾರದೊಳಗೆ ಜ್ವರ ಬರುತ್ತದೆ. ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಏಳುತ್ತದೆ. ಆಗಿನ ಹಡಗು ಹಾಂಗ್‌ಕಾಂಗ್ ಬಿಟ್ಟು ಬಾಂಬೆ ಮುಟ್ಟಲು ಅದಕ್ಕಿಂತ ಜಾಸ್ತಿ ದಿನ ಬೇಕಿತ್ತು. ಅಲ್ಲಿ ಸೋಂಕು ಹತ್ತಿಸಿಕೊಂಡ ನಾವಿಕ ದಾರಿಯಲ್ಲೇ ಹಾಸಿಗೆ ಹಿಡಿಯುತ್ತಿದ್ದ. ಸರಕಿನ ಸಂದಿಯ ಇಲಿಗಳು ಹಾಗಲ್ಲ. ಒಂದರಿಂದ ಒಂದಕ್ಕೆ ರೋಗ ದಾಟಿಸುತ್ತಾ, ಯಾರ ಕಣ್ಣಿಗೂ ಬೀಳದೆ ದಡ ಸೇರಬಲ್ಲವು.

ರೋಗ ಮೊದಲು ಕಂಡದ್ದು ಮಾಂಡ್ವಿಯಲ್ಲಿ. ಬಂದರಿನ ಪಕ್ಕದ ದವಸದ ಗೋದಾಮುಗಳ ಪೇಟೆ ಅದು. ಸೆಪ್ಟೆಂಬರ್‌ನಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಇದು ಪ್ಲೇಗ್ ಎಂದು ಗುರುತಿಸಿದರು. ಅಧಿಕಾರಿಗಳು ಮೋರಿಗಳಿಗೆ ಕ್ರಿಮಿನಾಶಕ ಕಾರ್ಬಾಲಿಕ್ ಆಸಿಡ್ ಸುರಿದರು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮನೆಮನೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು. ಹಡಗು ಹತ್ತುವವರನ್ನೂ ರೈಲು ಪ್ರಯಾಣಿಕರನ್ನೂ ನಿಲ್ಲಿಸಿ ಮೈ ತಡವಿ ನೋಡಿದರು. ಮನುಷ್ಯರನ್ನು ಹೀಗೆ ಹಿಂಸಿಸುತ್ತಿದ್ದಾಗ, ರೋಗ ಹೊತ್ತ ಇಲಿಯ ಮೈಮೇಲಿನ ಚಿಗಟ ಮೂಟೆಗಳ ಜೊತೆ ಊರೂರು ತಲುಪಿತ್ತು. 1898ರಲ್ಲಿ ಪ್ಲೇಗ್ ನಮ್ಮ ಬೆಂಗಳೂರಿಗೂ ಬಂತು.

ಅದೇ ವರ್ಷ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಂಡ್ ಚಿಗಟವೇ ರೋಗ ದಾಟಿಸುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. ಆದರೂ ಎಷ್ಟೋ ತಜ್ಞರು ವರ್ಷಗಟ್ಟಲೆ ಒಪ್ಪಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಇಲಿ ಬಿದ್ದರೆ ಊರು ಬಿಡಬೇಕು ಅಂತ ನಮ್ಮ ಹಳ್ಳಿಯವರು ಕಂಡುಕೊಂಡಿದ್ದರು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ಎಷ್ಟೋ ಮಂದಿ ಬದುಕಿಕೊಂಡರು. ಅವರು ಮಾಡಿದ್ದು ಸರಿ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಚಿಗಟ ಇನ್ನೊಂದು ಬಿಸಿ ಮೈ ಹುಡುಕುತ್ತದೆ.

ಕಟ್ಟಿ ನಿಲ್ಲಿಸಿದ ಹಡಗಿನ ಹಗ್ಗಕ್ಕೆ ದುಂಡನೆಯ ತಗಡು ಸಿಕ್ಕಿಸಿರುವುದನ್ನು ನೋಡಿದ್ದೀರಾ? ಇಲಿ ಹಗ್ಗದ ಮೇಲೆ ಹರಿದಾಡಬಾರದು ಅಂತಲೇ ಅದು.

ಪ್ರಶ್ನೆ: ವಿಜ್ಞಾನಿ ಹಾಫ್ಕಿನ್ ಅವರ ಪ್ಲೇಗ್ ಲಸಿಕೆಯಿಂದಲೇ ಜನ ಸತ್ತರಂತೆ?

ಉತ್ತರ: ಅರ್ಧ ಕಥೆ ಹೇಳಿ ಹೆದರಿಸಬೇಡಿ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ 19 ಮಂದಿ ಸತ್ತದ್ದು ಧನುರ್ವಾಯುವಿನಿಂದ. ಅಷ್ಟೂ ಜನರಿಗೆ ಹಾಕಿದ್ದು ಒಂದೇ ಬಾಟಲಿಯ ಮದ್ದು; ಕೆಟ್ಟಿದ್ದು ಆ ಬಾಟಲಿ, ಲಸಿಕೆಯಲ್ಲ. ಈ ಲಸಿಕೆಯನ್ನು 1897ರ ಜನವರಿಯಲ್ಲಿ ಹಾಫ್ಕಿನ್ ಮೊದಲು ಚುಚ್ಚಿಕೊಂಡದ್ದು ತಮಗೇ.

ಪ್ರಶ್ನೆ: ಕೊರಳಿಗೆ ಕರ್ಪೂರದ ಗಂಟು ಕಟ್ಟಿಕೊಂಡರೆ ಪ್ಲೇಗ್ ಬರಲ್ವಾ?

ಉತ್ತರ: ಬರುತ್ತದೆ.

ಪ್ರಶ್ನೆ: ಪಾಷಾಣ ಇಡದಿದ್ದರೂ ನಮ್ಮ ಗೋದಾಮಿನಲ್ಲಿ ಇಲಿಗಳು ಸಾಯುತ್ತಿವೆ. ಗುಡಿಸಿ ಎಸೆದರೆ ಸಾಕೇ?

ಉತ್ತರ: ಮುಟ್ಟಲೇಬೇಡಿ. ಗೋದಾಮಿಗೆ ಬೀಗ ಹಾಕಿ, ಆರೋಗ್ಯ ಇಲಾಖೆಗೆ ಇವತ್ತೇ ತಿಳಿಸಿ. ಕೆಲಸದವರಲ್ಲಿ ಯಾರಿಗಾದರೂ ಜ್ವರದ ಜೊತೆ ಗಡ್ಡೆ ಕಂಡರೆ, ನಾಟಿ ಲೇಪ ಹಚ್ಚುತ್ತಾ ಕೂರಬೇಡಿ. ಪ್ಲೇಗ್ ಆಗಿದ್ದರೂ ಆ್ಯಂಟಿಬಯಾಟಿಕ್ ಬೇಗ ಸಿಕ್ಕರೆ ಗುಣವಾಗುತ್ತದೆ. ಒಂದು ದಿನ ತಡವಾದರೂ ಜೀವಕ್ಕೆ ಅಪಾಯ. ಇಲಿ ಸತ್ತಿದ್ದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ.